ವಿಶ್ವಕಪ್ಪೋ, ಖಂಡದ ಕಪ್ಪೋ, ಲೀಗೋ? ಕರಾವಳಿಯಲ್ಲಿ ಕುಳಿತು ಮಹಿಳಾ ಫುಟ್‌ಬಾಲ್ ನೋಡುವವರಿಗೆ

ಕಾರವಾರದಲ್ಲಿ ಫುಟ್‌ಬಾಲ್ ಹುಚ್ಚು ಇಂದಿನದಲ್ಲ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಎಂದು ಹೊರಟರೆ ಅರ್ಧ ಗಂಟೆಯೊಳಗೆ ಗೋವಾ ಗಡಿ. ಅಲ್ಲಿಯ ಆಟದ ಗಾಳಿ ಇಲ್ಲಿಗೆ ಬೀಸದೆ ಇರುವುದಾದರೂ ಹೇಗೆ? ಆದರೂ ಇಲ್ಲಿನ ಚಹಾದಂಗಡಿಯ ಮಾತುಕತೆಯಲ್ಲಿ ಫುಟ್‌ಬಾಲ್ ಎಂದರೆ ಇನ್ನೂ ಮೆಸ್ಸಿ, ರೊನಾಲ್ಡೊ, ಎಂಬಾಪೆ. ಮಹಿಳೆಯರ ಆಟವನ್ನೂ ನೋಡೋಣ ಎಂದುಕೊಂಡವರಿಗೆ ಎದುರಾಗುವ ತೊಂದರೆ ಬೇರೆಯೇ. ನೋಡಲು ಈಗ ಬೇಕಾದಷ್ಟಿದೆ, ಪುರುಸೊತ್ತು ಮಾತ್ರ ಅಷ್ಟಿಲ್ಲ. ಒಂದೆರಡನ್ನು ಆರಿಸಿಕೊಳ್ಳುವುದಾದರೆ ಯಾವುದು?

ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ನೋಡಿ, ಅಮೆರಿಕವೋ ಜರ್ಮನಿಯೋ ಎಂದು ಊಹಿಸಿ ಸುಮ್ಮನಾದರೆ ಸಾಕಿತ್ತು. ಫಿಫಾ ಮಹಿಳಾ ರ‍್ಯಾಂಕಿಂಗ್ ಶುರುವಾದದ್ದು 2003ರಲ್ಲಿ. ಅಲ್ಲಿಂದ 2023ರ ಆಗಸ್ಟ್‌ವರೆಗೆ ಮೊದಲ ಸ್ಥಾನದಲ್ಲಿ ಕುಳಿತದ್ದು ಈ ಎರಡೇ ದೇಶಗಳು. ಆ ಆಗಸ್ಟ್‌ನಲ್ಲಿ ಸ್ವೀಡನ್ ಮೇಲೇರಿತು, ಡಿಸೆಂಬರ್‌ನಲ್ಲಿ ಸ್ಪೇನ್. ಇಪ್ಪತ್ತು ವರ್ಷ ಅಲುಗಾಡದ ಪೀಠ ನಾಲ್ಕು ತಿಂಗಳಲ್ಲಿ ಎರಡು ಸಲ ಕೈ ಬದಲಾಯಿಸಿತು.

ಮಹಿಳಾ ಫುಟ್‌ಬಾಲ್‌ನಲ್ಲಿ ಪೈಪೋಟಿ ಹೆಚ್ಚಿದೆ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಹೆಚ್ಚಿದೆ, ಆದರೆ ಎಲ್ಲ ಕಡೆ ಒಂದೇ ಸಮನೆ ಹೆಚ್ಚಿಲ್ಲ. ದೇಶ ದೇಶಗಳ ನಡುವೆ ಅಂತರ ಕಿರಿದಾಗಿದೆ. ಯುರೋಪಿನ ಲೀಗ್‌ಗಳ ಒಳಗೆ ನೋಡಿದರೆ ಒಂದೊಂದು ಕ್ಲಬ್ಬಿನ ದರ್ಬಾರು ವರ್ಷಗಟ್ಟಲೆ ನಡೆದಿದೆ. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಆಯ್ಕೆ ಅರ್ಧ ಮುಗಿದಂತೆಯೇ. ನನ್ನ ಅಳತೆಗೋಲೂ ಸರಳ: ಆಟ ಶುರುವಾಗುವ ಮುನ್ನವೇ ಗೆಲ್ಲುವವರು ಯಾರೆಂದು ಎದೆ ತಟ್ಟಿ ಹೇಳಲು ಬರುವುದಾದರೆ ಆ ಪಂದ್ಯಕ್ಕಾಗಿ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಆಮೇಲೆ ನೋಡಬೇಕಾದದ್ದು ಹೊತ್ತು, ಭಾರತ ಅದರಲ್ಲಿ ಎಲ್ಲಿದೆ ಎಂಬ ಪ್ರಶ್ನೆ, ಮತ್ತು ಮನೆಯಲ್ಲಿ ಆಡುವ ಹುಡುಗಿಯಿದ್ದರೆ ಅವಳಿಗೇನು ಸಿಗುತ್ತದೆ ಎಂಬುದು.

ವಿಶ್ವಕಪ್

ಮೊದಲ ಮಹಿಳಾ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ನಡೆದಾಗ ಇದ್ದದ್ದು 12 ತಂಡಗಳು. 1999ರಲ್ಲಿ 16, 2015ರಲ್ಲಿ 24, 2023ರಲ್ಲಿ 32. ತಂಡ ಹೆಚ್ಚಿಸಿದಾಗಲೆಲ್ಲ ಒಂದೇ ಗೊಣಗಾಟ: ಕಾಟಾಚಾರದ ತಂಡಗಳು ಬಂದು ಹತ್ತು ಹನ್ನೆರಡು ಗೋಲು ತಿನ್ನುತ್ತವೆ ಎಂದು. 2007ರಲ್ಲಿ ಜರ್ಮನಿ ಅರ್ಜೆಂಟೀನಾಕ್ಕೆ 11 ಗೋಲು ಹೊಡೆದಿತ್ತು. 2019ರಲ್ಲಿ ಅಮೆರಿಕ ಥಾಯ್ಲೆಂಡಿಗೆ 13. ಗೊಣಗುವವರ ಕೈಯಲ್ಲಿ ಲೆಕ್ಕವಿತ್ತು, ಒಪ್ಪೋಣ.

2023ರ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ವಿಶ್ವಕಪ್ಪು ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಒಂದು ಗುಂಪಿನ ಕಥೆ ಕೇಳಿ. ಜರ್ಮನಿ ಎರಡು ಬಾರಿಯ ಚಾಂಪಿಯನ್. ಮೊದಲ ಪಂದ್ಯದಲ್ಲಿ ಮೊರಾಕ್ಕೊ ವಿರುದ್ಧ 6-0. ಮೊರಾಕ್ಕೊಗೆ ಅದು ಚೊಚ್ಚಲ ವಿಶ್ವಕಪ್. ಇಲ್ಲಿಗೆ ಗುಂಪಿನ ಹಣೆಬರಹ ಮುಗಿಯಿತು ಎಂದು ಟೀವಿ ಆರಿಸಿದವರು ಮುಂದಿನ ರೋಚಕ ಭಾಗವನ್ನೆಲ್ಲ ಕಳೆದುಕೊಂಡರು. ಕೊಲಂಬಿಯಾ 97ನೇ ನಿಮಿಷದಲ್ಲಿ ಗೋಲು ಹೊಡೆದು ಜರ್ಮನಿಯನ್ನು 2-1ರಿಂದ ಸೋಲಿಸಿತು. ದಕ್ಷಿಣ ಕೊರಿಯಾ 1-1ರ ಡ್ರಾದಲ್ಲಿ ಹಿಡಿದು ನಿಲ್ಲಿಸಿತು. ಆರು ಗೋಲು ತಿಂದ ಮೊರಾಕ್ಕೊ ಉಳಿದೆರಡು ಪಂದ್ಯಗಳನ್ನೂ 1-0ರಿಂದ ಗೆದ್ದು ಹದಿನಾರರ ಘಟ್ಟಕ್ಕೆ ಹೋಯಿತು. ಜರ್ಮನಿ ಗಂಟುಮೂಟೆ ಕಟ್ಟಿತು. ಜರ್ಮನಿಯ ಮಹಿಳೆಯರು ವಿಶ್ವಕಪ್‌ನ ಗುಂಪು ಹಂತದಲ್ಲೇ ಹೊರಬಿದ್ದದ್ದು ಅದೇ ಮೊದಲು.

ಇಂಥದ್ದು ಅದೊಂದೇ ಅಲ್ಲ. ಖರ್ಚಿಗೆಂದು ಜನರಿಂದ ದೇಣಿಗೆ ಎತ್ತಬೇಕಾಗಿ ಬಂದಿದ್ದ ಜಮೈಕಾ ಬ್ರೆಜಿಲ್ ಜೊತೆ 0-0 ಆಡಿ, ಬ್ರೆಜಿಲ್‌ನ ತಾರೆ ಮಾರ್ತಾ ತನ್ನ ಕೊನೆಯದೆಂದಿದ್ದ ವಿಶ್ವಕಪ್ಪನ್ನು ಗುಂಪು ಹಂತಕ್ಕೇ ಮುಗಿಸಿತು. ದಕ್ಷಿಣ ಆಫ್ರಿಕಾ ಇಟಲಿಯನ್ನು 3-2ರಿಂದ ಮನೆಗೆ ಕಳಿಸಿತು. ನೈಜೀರಿಯಾ ಆತಿಥೇಯ ಆಸ್ಟ್ರೇಲಿಯಾವನ್ನು ಸೋಲಿಸಿ, ಮುಂದೆ ಇಂಗ್ಲೆಂಡನ್ನು ಪೆನಾಲ್ಟಿ ಶೂಟೌಟ್‌ವರೆಗೆ ಎಳೆಯಿತು. ಜಪಾನ್ ಗುಂಪು ಹಂತದಲ್ಲಿ ಸ್ಪೇನಿಗೆ 4-0 ಬಾರಿಸಿತು. ಅದೇ ಸ್ಪೇನ್ ಮೂರು ವಾರದಲ್ಲಿ ಕಪ್ ಎತ್ತಿತು, ಜಪಾನ್ ಎಂಟರ ಘಟ್ಟದಲ್ಲಿ ಸ್ವೀಡನ್ನಿಗೆ ಸೋತಿತು. ಅಂಥ ದೊಡ್ಡ ಅಂತರದ ಸೋಲುಗಳು ಇರಲೇ ಇಲ್ಲ ಎಂದಲ್ಲ. ನೆದರ್ಲೆಂಡ್ಸ್ ವಿಯೆಟ್ನಾಮಿಗೆ ಏಳು ಗೋಲು ಹೊಡೆಯಿತು. ಆದರೆ ಎರಡಂಕಿಯ ಗೋಲು ಯಾರೂ ತಿನ್ನಲಿಲ್ಲ.

ಇಡೀ ಟೂರ್ನಿಯಲ್ಲಿ ಒಂದೇ ಪಂದ್ಯ ನೋಡಿ ಎಂದರೆ ನಾನು ಮೆಲ್ಬರ್ನ್‌ನ ಸ್ವೀಡನ್–ಅಮೆರಿಕ ಪಂದ್ಯವನ್ನೇ ಹೇಳುತ್ತೇನೆ. ಆಗಸ್ಟ್ 6ರ ಭಾನುವಾರ, ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ಕಾಲು ಚಾಚುವ ಹೊತ್ತು. ಅದಕ್ಕೆ ಮೊದಲಿನ ಎಂಟು ವಿಶ್ವಕಪ್‌ಗಳಲ್ಲಿ ಅಮೆರಿಕ ಒಮ್ಮೆಯೂ ಮೂರನೇ ಸ್ಥಾನಕ್ಕಿಂತ ಕೆಳಗಿಳಿದಿರಲಿಲ್ಲ. ಅಂದು ಅಮೆರಿಕದವರು ಹೊಡೆದಂತೆಲ್ಲ ಸ್ವೀಡನ್ನಿನ ಗೋಲ್‌ಕೀಪರ್ ಜೆಸಿರಾ ಮುಸೊವಿಚ್ ತಡೆದಳು, ಹನ್ನೊಂದು ಬಾರಿ. 120 ನಿಮಿಷ ಮುಗಿದರೂ ಗೋಲಿಲ್ಲ. ಶೂಟೌಟ್‌ನಲ್ಲಿ ಲೀನಾ ಹುರ್ಟಿಗ್ ಹೊಡೆದ ಚೆಂಡು ಅಮೆರಿಕದ ಅಲಿಸ್ಸಾ ನೇಹರ್ ಕೈಗೆ ಬಡಿದು ಮೇಲಕ್ಕೆ ಚಿಮ್ಮಿತು. ಬಿದ್ದಲ್ಲಿಂದಲೇ ಅವಳು ಅದನ್ನು ಮತ್ತೆ ಹೊರಗೆ ತಳ್ಳಿದಳು. ತಡೆದೆ ಎಂದು ಅವಳು, ಗೋಲು ಎಂದು ಹುರ್ಟಿಗ್, ಇಬ್ಬರೂ ರೆಫರಿಯ ಮುಖ ನೋಡುತ್ತಿದ್ದರು. ಚೆಂಡು ಗೆರೆ ದಾಟಿದರೆ ಸೂಚನೆ ಕೊಡುವ ತನ್ನ ಕೈಗಡಿಯಾರವನ್ನು ರೆಫರಿ ನೋಡಿದಳು. ಆಮೇಲೆ ತೋರಿಸಿದ ಚಿತ್ರದಲ್ಲಿ ಗೆರೆಗೂ ಚೆಂಡಿಗೂ ನಡುವೆ ಕೂದಲೆಳೆಯಷ್ಟು ಹಸಿರು. ಅಷ್ಟಕ್ಕೆ ಅಮೆರಿಕ ಹೊರಗೆ. ಅದಕ್ಕೂ ಮೊದಲೇ, ಚೊಚ್ಚಲ ವಿಶ್ವಕಪ್ ಆಡುತ್ತಿದ್ದ ಪೋರ್ಚುಗಲ್ ಕೊನೆಯ ಗಳಿಗೆಯಲ್ಲಿ ಹೊಡೆದ ಚೆಂಡು ಗೋಲ್‌ಕಂಬಕ್ಕೆ ಬಡಿಯದೆ ಒಳಗೆ ಹೋಗಿದ್ದರೆ ಅಮೆರಿಕ ಗುಂಪು ಹಂತದಲ್ಲೇ ಮುಗಿಯುತ್ತಿತ್ತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಅಮೆರಿಕದ ಹಳೆಯ ಮೇಲುಗೈಗೆ ಪ್ರತಿಭೆಯಷ್ಟೇ ಬೇಗ ಶುರುಮಾಡಿದ್ದೂ ಕಾರಣ. 1972ರ ಶಿಕ್ಷಣ ಕಾಯ್ದೆಯಿಂದಾಗಿ ಅಲ್ಲಿನ ಶಾಲೆ ಕಾಲೇಜುಗಳು ಹುಡುಗಿಯರ ಕ್ರೀಡೆಗೂ ಸಮನಾದ ಅವಕಾಶ ಕೊಡಬೇಕಾಯಿತು. ಅಲ್ಲಿಯವರೆಗೆ ಉಳಿದವರು ಏನು ಮಾಡುತ್ತಿದ್ದರು? 1920ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಪಂದ್ಯಕ್ಕೆ ಐವತ್ತು ಸಾವಿರ ಮೀರಿ ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಸಂಸ್ಥೆ ತನ್ನ ಮೈದಾನಗಳನ್ನು ಮಹಿಳೆಯರಿಗೆ ಮುಚ್ಚಿತು, ತೆರೆಯಲು ಐವತ್ತು ವರ್ಷ ಬೇಕಾಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ನಿಷೇಧ. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಕಾನೂನೇ ಅಡ್ಡ. ಬೀಗ ತೆಗೆದವರು ಈಗ ಬಂದು ಮುಟ್ಟಿದ್ದಾರೆ ಅಷ್ಟೇ. ಬಹುಮಾನದ ಹಣವೂ ಅದನ್ನೇ ಹೇಳುತ್ತದೆ: 2019ರಲ್ಲಿ 3 ಕೋಟಿ ಡಾಲರ್ ಇದ್ದದ್ದು 2023ರಲ್ಲಿ 11 ಕೋಟಿಯಾಯಿತು.

ಹಾಗಾದರೆ ವಿಶ್ವಕಪ್ಪನ್ನೇ ಆರಿಸಿಕೊಳ್ಳಬೇಕೇ? ಹೊಸಬರಿಗೆ ಹೌದು. ಆದರೆ ಒಂದು ತಕರಾರಿದೆ. ಮುಂದಿನದು ಬ್ರೆಜಿಲ್‌ನಲ್ಲಿ, 2027ರ ಜೂನ್ 24ರಿಂದ ಜುಲೈ 25ರವರೆಗೆ. ಅಲ್ಲಿನ ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಒಂದಕ್ಕೆ ಶುರುವಾದ ಪಂದ್ಯ ನಮಗೆ ರಾತ್ರಿ ಒಂಬತ್ತೂವರೆಗೆ. ನಾಲ್ಕಕ್ಕೆ ಶುರುವಾದರೆ ಹನ್ನೆರಡೂವರೆಗೆ. ಸಂಜೆ ಏಳರದ್ದಾದರೆ ಬೆಳಗಿನ ಜಾವ ಮೂರೂವರೆಗೆ. 2023ರ ಮಧ್ಯಾಹ್ನದ ಸುಖ ಮರೆತುಬಿಡಿ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ತೋಟಕ್ಕೆ ಹೋಗುವ ಜನ ನಾವು, ಜಾಗರಣೆ ದೊಡ್ಡದಲ್ಲ. ಮಳೆಗಾಲದ ಕರೆಂಟು ದೊಡ್ಡದು. ಜೂನ್ ಕೊನೆಯ ಗಾಳಿಮಳೆಗೆ ಒಂದು ಅಡಿಕೆ ಮರ ತಂತಿಯ ಮೇಲೆ ಬಿದ್ದರೆ ಶಿರಸಿಯ ಹಳ್ಳಿಗಳಲ್ಲಿ ಟೀವಿ, ವೈಫೈ ಎರಡೂ ಸತ್ತಂತೆ. ಮೊಬೈಲ್‌ಗೆ ಡೇಟಾ ಹಾಕಿಸಿ ಪವರ್‌ಬ್ಯಾಂಕ್ ತುಂಬಿಸಿಟ್ಟವರೇ ಜಾಣರು. ಕಡಲ ಬದಿಯವರಿಗೆ ಒಂದು ಅನುಕೂಲವಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ, ಬೈತಖೋಲದ ದೋಣಿಗಳೆಲ್ಲ ದಡದಲ್ಲಿ. ಬೆಳಗಿನ ಜಾವ ಏಳುವ ರೂಢಿಯಿದ್ದು ಹೋಗಲು ಕೆಲಸವಿಲ್ಲದವರಿಗೆ ಮೂರೂವರೆಯ ಪಂದ್ಯ ಹೇಳಿ ಮಾಡಿಸಿದ್ದು.

ಇನ್ನೊಂದು ತಕರಾರು 2031ರದು. ಆ ವರ್ಷದಿಂದ 48 ತಂಡಗಳು. ಗುಂಪು ಹಂತ ಇನ್ನೂ ಉದ್ದವಾಗುತ್ತದೆ, ನೀರಸ ಪಂದ್ಯಗಳೂ ಸೇರಿಕೊಳ್ಳುತ್ತವೆ ಎಂಬುದು ನನ್ನ ಅನುಮಾನ. 2023ರಲ್ಲಿ ಗೊಣಗಿದವರ ಬಾಯಿ ಮುಚ್ಚಿತು ಎಂಬುದನ್ನು ಮರೆತಿಲ್ಲ. ಆದರೂ ಅನುಮಾನ ಅನುಮಾನವೇ.

ಖಂಡಗಳ ಕಪ್‌ಗಳು

ಎದೆ ಡವಗುಟ್ಟುವ ಆಟವೇ ಬೇಕೆಂದರೆ ವಿಶ್ವಕಪ್‌ಗಿಂತ ಇವೇ ಮೇಲು. ಪುರಾವೆ ಬೇಕೇ? 2025ರ ಜುಲೈ 26ರಿಂದ ಆಗಸ್ಟ್ 2ರವರೆಗಿನ ಎಂಟು ದಿನ ಸಾಕು.

ಜುಲೈ 26ರಂದು ರಬಾತ್‌ನಲ್ಲಿ ಆಫ್ರಿಕಾ ಕಪ್‌ ಫೈನಲ್. ಮೊರಾಕ್ಕೊ ತನ್ನ ನೆಲದಲ್ಲಿ 2-0 ಮುಂದಿತ್ತು; ನೈಜೀರಿಯಾ ಮೂರು ಗೋಲು ತಿರುಗಿಸಿ ಹೊಡೆದು ಹತ್ತನೇ ಸಲ ಕಪ್ ಒಯ್ದಿತು. ಮರುದಿನ ಬಾಸೆಲ್‌ನಲ್ಲಿ ಯುರೋ ಫೈನಲ್. ಸ್ಪೇನ್ ಮುಂದಿತ್ತು, ಇಂಗ್ಲೆಂಡ್ ಸಮ ಮಾಡಿ ಪೆನಾಲ್ಟಿಯಲ್ಲಿ ಗೆದ್ದಿತು. ಆಗಸ್ಟ್ 2ರಂದು ಕೀಟೊದಲ್ಲಿ ಕೋಪಾ ಅಮೆರಿಕ ಫೈನಲ್. ಕೊಲಂಬಿಯಾ ಗೆದ್ದೇಬಿಟ್ಟಿತು ಎನ್ನುವಾಗ ಬದಲಿಯಾಗಿ ಬಂದ 39ರ ಮಾರ್ತಾ ಹೆಚ್ಚುವರಿ ನಿಮಿಷಗಳಲ್ಲಿ ದೂರದಿಂದ ಹೊಡೆದು ಸಮ ಮಾಡಿದಳು. 4-4ರ ನಂತರ ಬ್ರೆಜಿಲ್ ಪೆನಾಲ್ಟಿಯಲ್ಲಿ ಗೆದ್ದಿತು. ಮೂರು ಖಂಡ, ಮೂರು ಫೈನಲ್, ಮೂರರಲ್ಲೂ ಕೊನೆಯವರೆಗೆ ಪಂಥ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಮೂರರಲ್ಲಿ ಒಂದನ್ನೇ ಆರಿಸುವುದಾದರೆ ಯುರೋ. ಹದಿನಾರೇ ತಂಡ, ಒಂದು ತಿಂಗಳೊಳಗೆ ಮುಗಿಯುತ್ತದೆ, ಹೊತ್ತೂ ಸಹನೀಯ: ಅಲ್ಲಿ ಸಂಜೆ ಆರರ ಪಂದ್ಯ ನಮಗೆ ಒಂಬತ್ತೂವರೆಗೆ, ರಾತ್ರಿ ಒಂಬತ್ತರದ್ದು ಹನ್ನೆರಡೂವರೆಗೆ. 2025ರಲ್ಲಿ ಇಂಗ್ಲೆಂಡ್ ಕಪ್ ಗೆದ್ದ ಬಗೆ ನೋಡಿ. ಮೊದಲ ಪಂದ್ಯವನ್ನೇ ಫ್ರಾನ್ಸಿಗೆ ಸೋತರು. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ಎದುರು 0-2 ಹಿಂದಿದ್ದು ಪೆನಾಲ್ಟಿಯಲ್ಲಿ ಪಾರಾದರು. ಸೆಮಿಫೈನಲ್‌ನಲ್ಲಿ ಇಟಲಿ ಗೆಲುವಿನ ಸಂಭ್ರಮಕ್ಕೆ ಸಿದ್ಧವಾಗಿದ್ದಾಗ 96ನೇ ನಿಮಿಷದಲ್ಲಿ ಮಿಶೆಲ್ ಅಜೆಮಾಂಗ್ ಎಂಬ 19ರ ಹುಡುಗಿ ಸಮ ಮಾಡಿದಳು, 119ನೇ ನಿಮಿಷದಲ್ಲಿ ಕ್ಲೋಯಿ ಕೆಲ್ಲಿ ಮುಗಿಸಿದಳು. ಚಾಂಪಿಯನ್ ತಂಡ ಇಷ್ಟು ತಿಣುಕಿತು ಎಂದರೆ ಉಳಿದವರು ಎಷ್ಟು ಹತ್ತಿರ ಬಂದಿದ್ದಾರೆ ಎಂದು ಬೇರೆ ಹೇಳಬೇಕಿಲ್ಲ.

ಏಷ್ಯಾ ಕಪ್ಪಿನ ಮಾತೇ ಬೇರೆ. ಅಲ್ಲಿ ಅಂತರ ಇನ್ನೂ ದೊಡ್ಡದಿದೆ. 2022ರಲ್ಲಿ ಆಸ್ಟ್ರೇಲಿಯಾ ಇಂಡೊನೇಷ್ಯಾಕ್ಕೆ 18 ಗೋಲು ಹೊಡೆದದ್ದು ಇದೇ ಟೂರ್ನಿಯಲ್ಲಿ. ಅದೇ ವರ್ಷ ನವಿ ಮುಂಬೈಯ ಫೈನಲ್‌ನಲ್ಲಿ ಚೀನಾ 0-2 ಹಿಂದಿದ್ದು ದಕ್ಷಿಣ ಕೊರಿಯಾವನ್ನು 3-2ರಿಂದ ಮಣಿಸಿತು. ಅಂದರೆ ಮೇಲಿನ ಆರೇಳು ತಂಡಗಳ ಪಂದ್ಯ ಆರಿಸಿ ನೋಡಿದರೆ ಚಿನ್ನ, ಉಳಿದವು ಅಷ್ಟಕ್ಕಷ್ಟೆ. ಆದರೂ ನಮ್ಮವರಿಗೆ ನಾನು ಇದನ್ನು ಬಿಡಬೇಡಿ ಎನ್ನುತ್ತೇನೆ, ಭಾರತ ಇರುವುದು ಇಲ್ಲಿಯೇ.

ಭಾರತದ ಮಹಿಳೆಯರು ಒಂದು ಕಾಲದಲ್ಲಿ ಏಷ್ಯಾದ ರನ್ನರ್ ಅಪ್ ಆಗಿದ್ದರು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಕಲ್ಲಿಕೋಟೆಯಲ್ಲಿ ಒಮ್ಮೆ, 1983ರಲ್ಲಿ ಮತ್ತೊಮ್ಮೆ ಫೈನಲ್ ಆಡಿದ ತಂಡವದು. ಆಮೇಲೆ ಉಳಿದವರು ಓಡಿದರು, ನಾವು ನಿಂತೆವು. 2022ರಲ್ಲಿ ನಮ್ಮ ನೆಲದಲ್ಲೇ ಏಷ್ಯಾ ಕಪ್ ನಡೆದಾಗ ತಂಡಕ್ಕೆ ಕೋವಿಡ್ ಬಡಿದು ಆಡಲು ಸಾಕಷ್ಟು ಆಟಗಾರ್ತಿಯರೇ ಇಲ್ಲದೆ ಹಿಂದೆ ಸರಿಯಬೇಕಾಯಿತು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಆ ನೋವಿಗೆ ಮದ್ದು ಸಿಕ್ಕಿತು: ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದು ಥಾಯ್ಲೆಂಡನ್ನು ಅದರ ಮನೆಯಲ್ಲೇ 2-1ರಿಂದ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಭಾರತವನ್ನು 2026ರ ಏಷ್ಯಾ ಕಪ್ಪಿಗೆ ಕರೆದೊಯ್ದಳು. ಥಾಯ್ಲೆಂಡ್ ಎರಡು ವಿಶ್ವಕಪ್ ಆಡಿದ ತಂಡ. ಮರುತಿಂಗಳು 20ರೊಳಗಿನ ಹುಡುಗಿಯರೂ ಯಾಂಗೊನ್‌ನಲ್ಲಿ ಮ್ಯಾನ್ಮಾರನ್ನು ಸೋಲಿಸಿ, ಇಪ್ಪತ್ತು ವರ್ಷಗಳ ನಂತರ ತಮ್ಮ ವಯೋಮಾನದ ಏಷ್ಯಾ ಕಪ್ಪಿಗೆ ಜಾಗ ಗಿಟ್ಟಿಸಿದರು.

ಹಿರಿಯರ ಏಷ್ಯಾ ಕಪ್ಪಿನ ಗುಂಪಿನಲ್ಲಿ ಭಾರತಕ್ಕೆ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ (ಅಂದರೆ ತೈವಾನ್) ಬಂದವು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಜಪಾನ್ ವಿಶ್ವ ಚಾಂಪಿಯನ್ ಆಗಿದ್ದ ತಂಡ. ಅದರ ಎದುರು ಭಾರತದ ಪಂದ್ಯವನ್ನು ಗೆಲುವು ಸೋಲಿನ ಲೆಕ್ಕದಲ್ಲಿ ನೋಡುವುದು ನಮ್ಮ ಹುಡುಗಿಯರಿಗೆ ಮಾಡುವ ಅನ್ಯಾಯ. ಭಾರತದ ನಿಜವಾದ ಅಳತೆ ವಿಯೆಟ್ನಾಂ, ತೈಪೆಯಂಥ ತಂಡಗಳು. ಏಷ್ಯಾ ಕಪ್ಪಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಪ್ರತಿ ತಂಡಕ್ಕೂ ವಿಶ್ವಕಪ್‌ನ ಬಾಗಿಲು ಒಂದಲ್ಲ ಒಂದು ರೀತಿಯಲ್ಲಿ ತೆರೆದಿರುತ್ತದೆ. ಹಾಗಾಗಿ ನಡುವಿನ ಈ ತಂಡಗಳ ಗುದ್ದಾಟವೇ ಏಷ್ಯಾದ ಅತ್ಯಂತ ಬಿಸಿಯಾದ ಭಾಗ.

ಒಲಿಂಪಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೆರಡೇ ತಂಡ, ಎರಡೂವರೆ ವಾರ, ಎರಡು ಮೂರು ದಿನಕ್ಕೊಂದು ಪಂದ್ಯ ಆಡಿ ಆಟಗಾರ್ತಿಯರು ಬಳಲುತ್ತಾರೆ. 2024ರ ಪ್ಯಾರಿಸ್‌ನಲ್ಲಿ ಅಮೆರಿಕ ಬ್ರೆಜಿಲನ್ನು 1-0ರಿಂದ ಸೋಲಿಸಿ ಐದನೇ ಚಿನ್ನ ಗೆದ್ದಿತು. ಅಮೆರಿಕದ ಕಾಲ ಮುಗಿಯಿತು ಎಂದವರಿಗೆ ಅದೇ ಉತ್ತರ. 2028ರ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರಿಗೆ 16 ತಂಡ, ಪುರುಷರಿಗೆ 12. ಆಗ ನೋಡೋಣ.

ಕ್ಲಬ್‌ಗಳು: ಇಂಗ್ಲೆಂಡೋ ಅಮೆರಿಕವೋ

ದೇಶಗಳ ಟೂರ್ನಿ ಹಬ್ಬವಾದರೆ ಲೀಗ್ ದಿನನಿತ್ಯದ್ದು. ವಾರ ವಾರ ನೋಡಲು ಇರುವ ಮುಖ್ಯ ಆಯ್ಕೆಗಳು ಇಂಗ್ಲೆಂಡಿನ ವುಮೆನ್ಸ್ ಸೂಪರ್ ಲೀಗ್ ಮತ್ತು ಅಮೆರಿಕದ ನ್ಯಾಷನಲ್ ವುಮೆನ್ಸ್ ಸಾಕರ್ ಲೀಗ್. ಇವೆರಡರ ವ್ಯತ್ಯಾಸ ತಿಳಿದುಕೊಳ್ಳದೆ ಚಂದಾ ಕಟ್ಟಬೇಡಿ.

ಇಂಗ್ಲೆಂಡಿನ ಲೀಗ್ ನಮ್ಮ ಹೊತ್ತಿಗೆ ಬಹಳ ಅನುಕೂಲ. ಅಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಆಡುವ ಪಂದ್ಯ ಚಳಿಗಾಲದಲ್ಲಿ ನಮಗೆ ಸಂಜೆ ಐದೂವರೆಗೆ, ಬೇಸಿಗೆಯಲ್ಲಿ ನಾಲ್ಕೂವರೆಗೆ. ಆಟದ ಗುಣಮಟ್ಟ, ಕ್ಯಾಮೆರಾ, ಜನ ತುಂಬಿದ ಮೈದಾನ, ಎಲ್ಲ ಚೆನ್ನ. ಆದರೆ 2019-20ರಿಂದ 2024-25ರವರೆಗೆ ಸತತ ಆರು ಸಲ ಚಾಂಪಿಯನ್ ಚೆಲ್ಸಿ. ಆರನೇ ಸಲವಂತೂ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಸೋಲದೆ. ಸ್ಪೇನಿನಲ್ಲಿ ಬಾರ್ಸಿಲೋನಾ, ಫ್ರಾನ್ಸಿನಲ್ಲಿ ಲಿಯೋನ್ ಕಥೆಯೂ ಹೆಚ್ಚುಕಡಿಮೆ ಇದೇ. ದುಡ್ಡಿರುವ ಕ್ಲಬ್ ಪ್ರತಿಭೆಯನ್ನೆಲ್ಲ ಬಳಿದುಕೊಳ್ಳುತ್ತದೆ, ಉಳಿದವರು ಎರಡನೇ ಸ್ಥಾನಕ್ಕೆ ಹೊಡೆದಾಡುತ್ತಾರೆ.

ಅಮೆರಿಕದ ಲೀಗ್‌ನಲ್ಲಿ ತಂಡವೊಂದು ಸಂಬಳಕ್ಕೆ ಇಂತಿಷ್ಟೇ ಖರ್ಚು ಮಾಡಬೇಕೆಂಬ ಮಿತಿಯಿದೆ, ಕೊನೆಗೆ ಪ್ಲೇಆಫ್ ಇದೆ. ಪರಿಣಾಮ: 2022ರಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಗಾಥಮ್ 2023ರಲ್ಲಿ ಚಾಂಪಿಯನ್. 2025ರಲ್ಲಿ ಅದೇ ಗಾಥಮ್ ಎಂಟನೇ ಸ್ಥಾನದಿಂದ ಹೇಗೋ ಪ್ಲೇಆಫ್‌ಗೆ ನುಸುಳಿ, ಲೀಗ್‌ನಲ್ಲಿ ಅಗ್ರಸ್ಥಾನ ಪಡೆದ ಕ್ಯಾನ್ಸಸ್ ಸಿಟಿಯನ್ನು ಹೊರಹಾಕಿ ಮತ್ತೆ ಕಪ್ ಗೆದ್ದಿತು. ನನ್ನ ಅಳತೆಗೋಲಿನಲ್ಲಿ ಇದಕ್ಕೇ ಹೆಚ್ಚು ಅಂಕ. ಮಲಾವಿಯ ಟೆಮ್ವಾ ಚಾವಿಂಗಾ, ಜಾಂಬಿಯಾದ ಬಾರ್ಬ್ರಾ ಬಂಡಾ ಓಡುವುದನ್ನು ನೋಡಬೇಕಾದರೂ ಇಲ್ಲಿಗೇ ಬರಬೇಕು. ಹೊತ್ತಿನ ವಿಷಯಕ್ಕೆ ಬಂದರೆ, ಅಲ್ಲಿನ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ರಾತ್ರಿ ಎಂಟರ ಪಂದ್ಯ ನಮಗೆ ಬೆಳಿಗ್ಗೆ ಐದೂವರೆಗೆ. ಡೈರಿಗೆ ಹಾಲು ಹಾಕಲು ಏಳುವ ಶಿರಸಿ, ಸಿದ್ದಾಪುರದ ಮನೆಗಳಿಗೆ ಇದು ಕಷ್ಟವೇ ಅಲ್ಲ. ಕರೆಯುವ ಕೆಲಸ ಮುಗಿಸಿ ಬಂದರೆ ದ್ವಿತೀಯಾರ್ಧ ಸಿಗುತ್ತದೆ.

ಯುರೋಪಿನ ಅಗ್ರ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್ ಮೂರನೆಯದು. ಗುಣಮಟ್ಟ ಅತಿ ಎತ್ತರದ್ದು, ಹೊತ್ತು ಅತಿ ಕೆಟ್ಟದ್ದು: ಚಳಿಗಾಲದಲ್ಲಿ ರಾತ್ರಿ ಹನ್ನೊಂದೂಕಾಲು, ಇಲ್ಲವೇ ಒಂದೂವರೆ. ಅದುವರೆಗೆ ಎಂಟು ಸಲ ಗೆದ್ದಿದ್ದ ಲಿಯೋನ್, ಮೂರು ಸಲ ಗೆದ್ದಿದ್ದ ಬಾರ್ಸಿಲೋನಾ ಎಂದು ವರ್ಷಗಟ್ಟಲೆ ನಡೆದ ಪಾರುಪತ್ಯವನ್ನು 2025ರಲ್ಲಿ ಆರ್ಸೆನಲ್ ಮುರಿಯಿತು. ಮೊದಲ ಸುತ್ತಿನ ಪಂದ್ಯಗಳನ್ನು ಬಿಟ್ಟು ಕ್ವಾರ್ಟರ್ ಫೈನಲ್‌ನಿಂದ ನೋಡಿದರೆ ಸಾಕು. ಆ ವರ್ಷ ಆರ್ಸೆನಲ್ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಎರಡರಲ್ಲೂ ಮೊದಲ ಪಂದ್ಯ ಸೋತು ಎರಡನೆಯದರಲ್ಲಿ ತಿರುಗಿ ಬಿದ್ದ ತಂಡ. ಲಿಯೋನ್ ನೆಲದಲ್ಲೇ ಲಿಯೋನ್‌ಗೆ 4-1 ಹೊಡೆದರು.

ಲೀಗ್ ಒಳಗೆ ಪೈಪೋಟಿ ಕಡಿಮೆ ಇದ್ದರೂ ದೇಶಗಳ ನಡುವೆ ಪೈಪೋಟಿ ಹೆಚ್ಚಿದ್ದಕ್ಕೆ ಕಾರಣ ಇದೇ ಕ್ಲಬ್‌ಗಳು ಎಂಬುದು ಸ್ವಾರಸ್ಯ. ಹೈಟಿಯ ಮೆಲ್ಚಿ ಡುಮೊರ್ನೆ ಫ್ರಾನ್ಸಿನ ಲೀಗ್‌ನಲ್ಲಿ ಜಗತ್ತಿನ ಶ್ರೇಷ್ಠರ ಜೊತೆ ಆಡುತ್ತಾಳೆ, ಆ ಕಲಿಕೆಯನ್ನೆಲ್ಲ ಹೈಟಿಯ ಅಂಗಿ ತೊಟ್ಟಾಗ ಇಂಗ್ಲೆಂಡಿನ ಮೇಲೆ ಪ್ರಯೋಗಿಸುತ್ತಾಳೆ. 2023ರಲ್ಲಿ ಇಂಗ್ಲೆಂಡ್ ಹೈಟಿಯನ್ನು ಗೆದ್ದದ್ದು 1-0ರಿಂದ ಮಾತ್ರ, ಅದೂ ಪೆನಾಲ್ಟಿಯಿಂದ. 2025ರ ಜನವರಿಯಲ್ಲಿ ಅಮೆರಿಕದ ನಯೋಮಿ ಗಿರ್ಮಾಳನ್ನು ಚೆಲ್ಸಿ ಕೊಂಡಾಗ ಮಹಿಳಾ ಆಟಗಾರ್ತಿಯೊಬ್ಬಳ ವರ್ಗಾವಣೆ ಮೊತ್ತ ಮೊದಲ ಬಾರಿಗೆ ಹತ್ತು ಲಕ್ಷ ಡಾಲರ್ ದಾಟಿತು. ಅದೇ ಆಗಸ್ಟ್‌ನಲ್ಲಿ ಮೆಕ್ಸಿಕೊದ ಲಿಜ್ಬೆತ್ ಒವಾಲೆಗೆ ಒರ್ಲಾಂಡೊ 15 ಲಕ್ಷ ಡಾಲರ್ ಕೊಟ್ಟಿತು.

ಪ್ರಸಾರದ ಹಕ್ಕು ಋತುವಿನಿಂದ ಋತುವಿಗೆ ಕೈ ಬದಲಾಯಿಸುತ್ತಿರುತ್ತದೆ. ವರ್ಷದ ಚಂದಾ ಒಮ್ಮೆಲೇ ಕಟ್ಟುವ ಮೊದಲು ಆ ಋತುವಿನ ಪಂದ್ಯಗಳು ಭಾರತದಲ್ಲಿ ಎಲ್ಲಿ ಬರುತ್ತಿವೆ ಎಂದು ನೋಡಿ, ಸಾಧ್ಯವಾದರೆ ತಿಂಗಳ ಲೆಕ್ಕದಲ್ಲಿ ಕಟ್ಟಿ.

ಹಾಗಾದರೆ ಯಾರು ಏನು ನೋಡಬೇಕು?

ಇಲ್ಲಿಯವರೆಗೆ ಒಂದೂ ಪಂದ್ಯ ನೋಡದವರು 2027ರ ವಿಶ್ವಕಪ್‌ನಿಂದ ಶುರು ಮಾಡಲಿ, ಆದರೆ ಗುಂಪು ಹಂತದ ಕೊನೆಯ ದಿನಗಳಿಂದ. ಆ ದಿನಗಳಲ್ಲಿ ಒಂದು ಗುಂಪಿನ ಎರಡು ಪಂದ್ಯ ಒಟ್ಟಿಗೇ ನಡೆಯುತ್ತವೆ, ಜರ್ಮನಿಗೆ ಆದಂಥದ್ದು ಆಗುವುದು ಆಗಲೇ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದಾದರೆ ಯುರೋ. ವಾರಕ್ಕೊಂದು ಪಂದ್ಯ ಸಾಕು, ನಿದ್ದೆಯೂ ಬೇಕು ಎನ್ನುವ ನೌಕರರಿಗೆ ಇಂಗ್ಲೆಂಡಿನ ಭಾನುವಾರ. ಫಲಿತಾಂಶ ಗೊತ್ತಾಗದ ಆಟವೇ ಬೇಕೆನ್ನುವ ನನ್ನಂಥವರಿಗೆ ಅಮೆರಿಕದ ಬೆಳಗು.

ಮಗಳು ಆಡುತ್ತಾಳೆ ಎಂದರೆ ಉತ್ತರ ಬದಲಾಗುತ್ತದೆ. ಆಗ ಟೂರ್ನಿಯನ್ನಲ್ಲ, ಅವಳ ಜಾಗದಲ್ಲಿ ಆಡುವವಳನ್ನು ಆರಿಸಿ. ನಡುವೆ ಆಡುವವಳಿಗೆ ಬಾರ್ಸಿಲೋನಾದ ಐತಾನಾ ಬೊನ್ಮತಿ. ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು ಸತತ ಮೂರು ವರ್ಷ ಗೆದ್ದವಳು. ಚೆಂಡು ಬರುವ ಮೊದಲು ಅವಳು ಎಷ್ಟು ಸಲ ಹಿಂದಿರುಗಿ ನೋಡುತ್ತಾಳೆ ಎಂದು ಎಣಿಸಲು ಹೇಳಿ. ಗೋಲ್‌ಕೀಪರ್ ಹುಡುಗಿಗೆ ಮುಸೊವಿಚ್‌ಳ ಆ ಮೆಲ್ಬರ್ನ್ ಪಂದ್ಯ. ಚೆಂಡು ಹಿಡಿದದ್ದಕ್ಕಿಂತ, ಹೊಡೆತ ಬರುವ ಮುನ್ನ ಅವಳು ಎಲ್ಲಿ ನಿಂತಿದ್ದಳು ಎಂಬುದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿ.

ಮತ್ತು ಒಮ್ಮೆಯಾದರೂ ಮೈದಾನಕ್ಕೆ ಕರೆದೊಯ್ಯಿರಿ. ಟೀವಿಯಲ್ಲಿ ಚೆಂಡಿನ ವೇಗ ಅರ್ಧ ಮಾತ್ರ ಕಾಣುತ್ತದೆ. 2022ರ ಅಕ್ಟೋಬರ್‌ನಲ್ಲಿ 17ರೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲಿ ನಡೆದಾಗ ಎರಡು ಸೆಮಿಫೈನಲ್‌ಗಳೂ ಮಡಗಾವಿನ ಫಾತೋರ್ಡಾ ಕ್ರೀಡಾಂಗಣದಲ್ಲಿದ್ದವು. ಶಿರವಾಡ ನಿಲ್ದಾಣದಲ್ಲಿ ರೈಲು ಹತ್ತಿದರೆ ಒಂದು ಒಂದೂವರೆ ಗಂಟೆಯ ದಾರಿ. ಅಂದು ಕೊಲಂಬಿಯಾ ಪರ ಆಡಿದ ಲಿಂಡಾ ಕೈಸೆಡೊ ಎಂಬ ಹುಡುಗಿ ಒಂಬತ್ತು ತಿಂಗಳ ನಂತರ ಹಿರಿಯರ ವಿಶ್ವಕಪ್‌ನಲ್ಲಿ ಜರ್ಮನಿಗೆ ಗೋಲು ಹೊಡೆದಳು, ಮೇಲೆ ಹೇಳಿದ ಅದೇ 2-1ರ ಪಂದ್ಯದಲ್ಲಿ. ನಮ್ಮ ಮನೆಬಾಗಿಲಿಗೇ ಬಂದು ಆಡಿಹೋದಳು. ಕಾರವಾರದಿಂದ ಹೋಗಿ ನೋಡಿದವರು ಪುಣ್ಯವಂತರು.

ಅಂಥದ್ದು ಪದೇ ಪದೇ ಬರುವುದಿಲ್ಲ. ಪ್ರತಿವರ್ಷ ಇರುವುದು ಇಂಡಿಯನ್ ವುಮೆನ್ಸ್ ಲೀಗ್. 2017ರಲ್ಲಿ ಶುರುವಾದ ಇದನ್ನು ಗೋಕುಲಂ ಕೇರಳ ಸತತ ಮೂರು ಬಾರಿ ಗೆದ್ದಿತ್ತು, ಆಮೇಲೆ 2024ರಲ್ಲಿ ಒಡಿಶಾ, 2025ರಲ್ಲಿ ಈಸ್ಟ್ ಬೆಂಗಾಲ್ ಚಾಂಪಿಯನ್. ಇಲ್ಲಿಯೂ ಒಬ್ಬರ ಯಜಮಾನಿಕೆ ಸಡಿಲವಾಗಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಲ್ಲಿ ಫೈನಲ್‌ವರೆಗೆ ಹೋಗಿತ್ತು. ಯುರೋಪಿನ ಆಟ ನೋಡಿ ಬಂದ ಕಣ್ಣಿಗೆ ವೇಗ ಕಡಿಮೆ ಎನಿಸಬಹುದು, ಪಾಸ್‌ಗಳು ತಪ್ಪುತ್ತವೆ, ನೋಡಲು ಬಂದವರು ಬೆರಳೆಣಿಕೆ. ಆದರೆ ಆಡುವ ಹುಡುಗಿಗೆ ಲಿಯೋನ್‌ಗಿಂತ ಇದು ಹೆಚ್ಚು ಉಪಯೋಗ. ಲಿಯೋನ್ ಅವಳಿಗೆ ಕನಸು. ಇಲ್ಲಿ ಆಡುವವರು ಮಣಿಪುರ, ಹರಿಯಾಣ, ತಮಿಳುನಾಡಿನ ಸಾಮಾನ್ಯ ಊರುಗಳಿಂದ ಬಂದವರು, ಆಟ ಮುಗಿದ ಮೇಲೆ ಬೇಲಿಯ ಬಳಿ ನಿಂತರೆ ಮಾತಿಗೂ ಸಿಗುತ್ತಾರೆ.

ಬೆಂಗಳೂರಿನಲ್ಲಿ ಪಂದ್ಯವಿದ್ದರೆ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿಯಬಹುದು. ಶಿರಸಿಯವರಿಗೆ ರಾತ್ರಿ ಬಸ್ಸು. ಟಿಕೆಟ್ ಕಾಯ್ದಿರಿಸುವ ಮುನ್ನ ವೇಳಾಪಟ್ಟಿಯನ್ನು ಇನ್ನೊಮ್ಮೆ ನೋಡಿ, ಪಂದ್ಯದ ದಿನವೂ ಊರೂ ಬದಲಾಗುವುದುಂಟು. ಬಹುತೇಕ ಪಂದ್ಯಗಳು ಮಧ್ಯಾಹ್ನ ಇಲ್ಲವೇ ಸಂಜೆ ನಡೆಯುವುದರಿಂದ ಅದೇ ರಾತ್ರಿ ಹಿಂದಿರುಗುವ ಆಸೆಯಿದ್ದರೆ ರೈಲಿಗಿಂತ ಬಸ್ಸೇ ಅನುಕೂಲ.